ಮಹಾಕೂಟಕ್ಕೆ ಹೊರಟ ಫ್ಯಾನ್ ಬೆಲ್ಟು

ನನ್ನ ಅಕ್ಕ ಬದುಕಿದ್ದಾಳೆ. ಮೊದಲು ಇದನ್ನು ಹೇಳಿಬಿಡುತ್ತೇನೆ.

ಹೇಳದೆ ಗತಿಯಿಲ್ಲ. ಹೋದ ಅಮಾವಾಸ್ಯೆಯ ದಿನ ನಡೆದದ್ದು ಹುನಗುಂದದಿಂದ ಇಳಕಲ್ಲಿಗೆ, ಅಲ್ಲಿಂದ ಬಾಗಲಕೋಟೆಗೆ ಬರುವಷ್ಟರಲ್ಲಿ ಬಹಳ ಬೆಳೆದಿದೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರು ನನ್ನ ಕೈ ಹಿಡಿದು, ಹಿಂಗಾಗಬಾರದಿತ್ತು ಎಂದು ಕಣ್ಣು ಒರೆಸಿಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಬಸ್ಸು ಬಂತು. (ಅವರು ಇನ್ನೂ ದುಃಖದಲ್ಲೇ ಇರಬೇಕು. ಇದನ್ನು ಓದಿದರೆ ದಯವಿಟ್ಟು ಸಮಾಧಾನ ಮಾಡಿಕೊಳ್ಳಿ.)

ಅಕ್ಕ ಬದುಕಿದ್ದಾಳೆ. ಅವಳ ಕೊರಳು ಉಳಿಯಿತು. ಉಳಿಸಿದ್ದು ಒಂದು ವ್ಯಾನಿನ ಹಳೆಯ ಫ್ಯಾನ್ ಬೆಲ್ಟು. ಅದೂ ತಾನು ಹರಿದುಹೋಗಿ.

ನಾನು ಅಲ್ಲೇ ಇದ್ದೆ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಆದ್ದರಿಂದ ನೋಡಿದ್ದನ್ನು ನೋಡಿದ ಹಾಗೆ, ಸಾವಕಾಶವಾಗಿ ಹೇಳುತ್ತೇನೆ. ಅವಸರ ಮಾಡಿದರೆ ಅಕ್ಷರ ಸೊಟ್ಟಗಾಗುತ್ತದೆ.

ಮೊದಲು ಗಿರಣಿಯ ವಿಷಯ.

ಅಕ್ಕನ ಗಂಡ ಸಂಗಪ್ಪ ಮಾವನದು ಹುನಗುಂದದಲ್ಲಿ ಹಿಟ್ಟಿನ ಗಿರಣಿ. ಅವರ ಅಪ್ಪನ ಕಾಲದ್ದು. ನೀವು ಅಂಥ ಗಿರಣಿ ನೋಡಿದ್ದೀರಿ. ಗೋಡೆಯ ಆ ಕಡೆ ಮೋಟರು, ಈ ಕಡೆ ಬೀಸುವ ಕಲ್ಲು, ನಡುವೆ ಅಂಗೈಯಗಲದ ಉದ್ದನೆಯ ಪಟ್ಟಿ ಬೆಲ್ಟು ಸರ್ರನೆ ಓಡುತ್ತಿರುತ್ತದೆ. ಕಲ್ಲು ನಿಲ್ಲಿಸುವ ಹಿಡಿಕೆ ಮಾವನ ತಲೆಯ ಮೇಲೆ, ಬಲಗಡೆ ತೂಗುತ್ತದೆ. ಎಳೆದರೆ ಮೋಟರು ಬಂದ್ ಆಗಿ, ಬೆಲ್ಟೂ ಕಲ್ಲೂ ನಿಲ್ಲುತ್ತವೆ. ಹಾಗೆಂದು ಮಾವ ಅದನ್ನು ಸುಮ್ಮಸುಮ್ಮನೆ ಎಳೆಯುವವರಲ್ಲ. ಹಾಕಿದ ಜೋಳ ಮುಗಿಯುವ ತನಕ ಕಲ್ಲು ನಿಲ್ಲಿಸಬಾರದು, ಹಿಟ್ಟು ಕೆಡುತ್ತದೆ ಎಂಬುದು ಅವರ ಹಟ. ಇಲೆಕ್ಷನ್ ವೇಳೆ ಮತ ಕೇಳಲು ಬಂದ ದೊಡ್ಡವರೊಬ್ಬರು ಆ ಸದ್ದಿನಲ್ಲೇ ಕೂಗಿ ಕೂಗಿ ಮತ ಕೇಳಿ, ಮೈಯೆಲ್ಲ ಹಿಟ್ಟು ಮಾಡಿಕೊಂಡು ಹೋಗಿದ್ದಾರೆ.

ಆ ಗಿರಣಿಗೆ ಒಂದು ಕಾಯ್ದೆ ಇದೆ. ಹೆಣ್ಣುಮಕ್ಕಳು ಹೊಸ್ತಿಲು ದಾಟುವಾಗ ಸೆರಗನ್ನು ಸುತ್ತಿ ಸೊಂಟಕ್ಕೆ ಸಿಗಿಸಿಕೊಳ್ಳಬೇಕು. ಗೋಡೆಯ ಮೇಲೆ ಸುಣ್ಣದಲ್ಲಿ ಬರೆದದ್ದೂ ಇದೆ. ಆದರೆ ಮಾವ ಗೋಡೆಯನ್ನು ನಂಬುವವರಲ್ಲ. ಒಬ್ಬೊಬ್ಬರಿಗೂ ಬಾಯಿಬಿಟ್ಟು ಹೇಳುತ್ತಾರೆ.

"ಸೆರಗು, ಅವ್ವಾ."

ಹರೆಯದ ಹುಡುಗಿ ಬಂದರೂ ಅದೇ, ಹಲ್ಲಿಲ್ಲದ ಮುದುಕಿ ಬಂದರೂ ಅದೇ. ದಿನವಿಡೀ ಕಲ್ಲಿನ ಗರಗರ ಸದ್ದಿನ ನಡುನಡುವೆ ಇದೊಂದು ಮಾತು ಕೇಳಿಬರುತ್ತದೆ. ಒಮ್ಮೆ ಪೇಟೆಯ ಶ್ರೀಮಂತರ ಮನೆಯ ಹೆಂಗಸೊಬ್ಬಳು, ನಾನೇನು ಸಣ್ಣ ಹುಡುಗಿಯೇ ಎಂದು ಸಿಡುಕಿದಳಂತೆ. ಬೆಲ್ಟಿಗೆ ದೊಡ್ಡಾಕಿ ಸಣ್ಣಾಕಿ ಗೊತ್ತಾಗೂದಿಲ್ಲರಿ ಎಂದರಂತೆ ಮಾವ.

ಅವರು ಚಿಕ್ಕವರಿದ್ದಾಗ ಬೇರೆ ಯಾವುದೋ ಊರಿನ ಗಿರಣಿಯಲ್ಲಿ ಏನನ್ನೋ ನೋಡಿದ್ದರು. ಏನು ನೋಡಿದರು ಎಂದು ಯಾರಿಗೂ ಹೇಳಿಲ್ಲ. ಅಕ್ಕನಿಗೂ ಹೇಳಿಲ್ಲ.

ಇನ್ನು ವ್ಯಾನಿನ ವಿಷಯ.

ಎರಡು ವರ್ಷದ ಕೆಳಗೆ ಮಾವ ಒಂದು ಡೀಸೆಲ್ ವ್ಯಾನು ತಂದರು. ಸೆಕೆಂಡ್ ಹ್ಯಾಂಡ್. ವಾರವೆಲ್ಲ ಹಿಟ್ಟಿನ ಚೀಲ ಹೊರುತ್ತದೆ. ಅಮಾವಾಸ್ಯೆಗೆ ಗಿರಣಿ ಬಂದ್. ಅಂದು ಒಳಗೆ ಸೀಟು ಜೋಡಿಸಿ, ಹಿಟ್ಟು ಝಾಡಿಸಿದರೆ ಮನೆಯವರ ಗಾಡಿ. (ಪೂರ್ತಿ ಝಾಡಿಸಲು ಆಗುವುದಿಲ್ಲ. ಮಾವನ ವ್ಯಾನಿನಲ್ಲಿ ಮದುವೆಗೆ ಹೋದವರನ್ನು ಬೆನ್ನು ನೋಡಿಯೇ ಗುರುತಿಸಬಹುದು.) ಅದರ ಇಂಜಿನ್ನು ಒಳಗೇ ಇದೆ. ಡ್ರೈವರ್ ಸೀಟಿಗೂ ಪಕ್ಕದ ಸೀಟಿಗೂ ನಡುವೆ ಒಂದು ತಗಡಿನ ಡಬ್ಬಿ. ಕಾಲು ಸುಡುತ್ತದೆಂದು ಅದರ ಮೇಲೆ ಅಕ್ಕ ಹೊಲಿದ ಕೌದಿ ಹಾಸಿರುತ್ತಾರೆ. ಮುಚ್ಚಳ ಎತ್ತಿದರೆ ಇಂಜಿನ್ನು, ಅದರ ಮುಂಭಾಗದಲ್ಲಿ ಫ್ಯಾನ್ ಬೆಲ್ಟು.

ಫ್ಯಾನ್ ಬೆಲ್ಟು ಎಂದರೆ ಫ್ಯಾನಿನದು ಮಾತ್ರ ಅಲ್ಲ. ಫ್ಯಾನು ತಿರುಗಿಸಬೇಕು, ನೀರಿನ ಪಂಪು ತಿರುಗಿಸಬೇಕು, ಬ್ಯಾಟರಿಗೆ ಕರೆಂಟು ಕೊಡುವ ಡೈನಮೋ ತಿರುಗಿಸಬೇಕು. ತುಂಬಿದ ಮನೆಯ ಹಿರಿಸೊಸೆಯ ಹಾಗೆ. ಕೆಲಸ ಎಲ್ಲರದೂ ಮಾಡುವುದು, ಹೆಸರು ಮಾತ್ರ ಒಬ್ಬರದು. ಒಂದು ದಿನ ಅದು ಹರಿದರೆ ಮನೆಯೆಲ್ಲ ಕುದಿಯುತ್ತದೆ.

ಹೋದ ತಿಂಗಳು ಇಳಕಲ್ಲಿನ ಮೆಕ್ಯಾನಿಕ್ ರಾಜೇಸಾಬ ಆ ಬೆಲ್ಟನ್ನು ಬೆರಳಿನಿಂದ ಹೊರಳಿಸಿ, ಒಳಮೈ ತೋರಿಸಿದ್ದ. ಸೀಳು ಸೀಳು. ಬದಲಾಯಿಸಿರಿ ಎಂದಿದ್ದ. ಹೊಸದು ಹಾಕಿದ ಮೇಲೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಒಳಗೆ ಹೋಗಬೇಕು, ಅಷ್ಟು ಸಡಿಲು ಇರಲಿ ಎಂದೂ ಹೇಳಿದ್ದ. ಮಾವನಿಗೆ ಅದು ಹಿಡಿಸಲಿಲ್ಲ. ಬೆಲ್ಟಿನ ವಿಷಯದಲ್ಲಿ ಅವರಿಗೆ ಪಾಠ ಹೇಳುವುದೇ?

"ನಮ್ಮ ಗಿರಣಿ ಬೆಲ್ಟು ಹಂಗ ಸಡ್ಲ ಇದ್ರ ಜ್ವಾಳ ಬೀಸೂದಲ್ಲೋ ರಾಜೇಸಾಬ, ಜೋಗುಳ ಹಾಡತೈತಿ."

ಆದರೂ ಹೊಸ ಬೆಲ್ಟು ಕೊಂಡರು. ಮರುದಿನ ಬಂದು ಹಾಕಿಸುವುದೆಂದು ಮನೆಗೆ ತಂದರು. ತಪ್ಪಿದ್ದು ಅಲ್ಲಿ.

ಮನೆಯಲ್ಲಿ ಬಸಮ್ಮ ಅತ್ತಿ ಇದ್ದಾರೆ. ಮಾವನ ತಾಯಿ. ಆ ಮನೆಗೆ ದುಡಿಯುವ ಸಾಮಾನು ಏನೇ ಹೊಸದಾಗಿ ಬರಲಿ, ಮೊದಲು ಮಹಾಕೂಟದ ದೇವರಿಗೆ ತೋರಿಸಬೇಕು, ಆಮೇಲೆ ಕೆಲಸಕ್ಕೆ ಹಚ್ಚಬೇಕು. ಇದು ಅವರ ಪದ್ಧತಿ. ಹೊಸ ಬೀಸುವ ಕಲ್ಲನ್ನು ಚಕ್ಕಡಿಯಲ್ಲಿ ಹೇರಿಕೊಂಡು ಮಹಾಕೂಟಕ್ಕೆ ಹೋಗಿಬಂದ ಮನೆತನ ಅದು. ಎತ್ತುಗಳು ಏನು ತಿಳಿದುಕೊಂಡವೋ ಗೊತ್ತಿಲ್ಲ. ಹಾಗಿರುವಾಗ ಫ್ಯಾನ್ ಬೆಲ್ಟು ಯಾವ ಲೆಕ್ಕ? ಅತ್ತಿ ಅದನ್ನು ಕೈಗೆ ತೆಗೆದುಕೊಂಡವರೇ ಮೂರು ಬೆರಳು ವಿಭೂತಿ ಎಳೆದು ದೇವರ ಜಗಲಿಯ ಮೇಲಿಟ್ಟರು. ಅಮಾವಾಸ್ಯೆಗೆ ಹೋಗಿ ತೋರಿಸಿಕೊಂಡು ಬಂದು ಹಾಕಿದರಾಯಿತು.

ಅಲ್ಲಿಯವರೆಗೆ ಹಳೆಯದು ನಡೆಯಬೇಕಲ್ಲ? ಮಾವ ತಾವೇ ಬೋಲ್ಟು ತಿರುಗಿಸುವ ಪಾನಾ ಹಿಡಿದು ಅದನ್ನು ಗಿರಣಿ ಬೆಲ್ಟಿನ ಹಾಗೆ ಬಿಗಿದರು. ನಾಲ್ಕು ದಿನ ಸುಮ್ಮನಿತ್ತು. ಆಮೇಲೆ ಹಿಗ್ಗಿ ಮತ್ತೆ ಕುಂಯ್ ಎನ್ನತೊಡಗಿತು.

ಅಮಾವಾಸ್ಯೆ ಬಂತು. ಮಹಾಕೂಟಕ್ಕೆ ಹೊರಟೆವು. ಮಾವ ಡ್ರೈವರ್, ಪಕ್ಕದ ಸೀಟಿನಲ್ಲಿ ನಾನು, ನಮ್ಮ ಬೆನ್ನಿಗೆ ಅಕ್ಕ ಮತ್ತು ಅತ್ತಿ. ಮಕ್ಕಳು ಸಾಲಿಗೆ ಹೋಗಿದ್ದರು. ಅಕ್ಕ ಇಳಕಲ್ ಸೀರೆ ಉಟ್ಟಿದ್ದಳು. ನೀಲಿ ಒಡಲು, ಕೆಂಪು ರೇಷ್ಮೆಯ ಸೆರಗು. ಅತ್ತೆ ಪಕ್ಕದಲ್ಲಿರುವಾಗ ಸೆರಗು ತಲೆಯ ಮೇಲೆ ಇರಲೇಬೇಕು. ಇತ್ತು. ಕೊರಳನ್ನು ಒಂದು ಸುತ್ತು ಬಳಸಿ, ಕೊನೆ ಬಲಭುಜದ ಮೇಲೆ ಸಡಿಲಾಗಿ ಇಳಿದಿತ್ತು.

ಅತ್ತಿಯ ತೊಡೆಯ ಮೇಲೆ ಪೂಜೆಯ ಚೀಲ. ಅದರಲ್ಲಿ ಕಾಯಿ, ಕರ್ಪೂರ, ಊದಿನಕಡ್ಡಿ, ಮತ್ತು ಹೊಸ ಫ್ಯಾನ್ ಬೆಲ್ಟು.

ಇದನ್ನು ಇನ್ನೊಮ್ಮೆ ಓದಿರಿ. ಹಳೆಯ ಬೆಲ್ಟು ಇಂಜಿನ್ನಿನಲ್ಲಿ ಅಳುತ್ತ ದುಡಿಯುತ್ತಿತ್ತು. ಹೊಸ ಬೆಲ್ಟು ವಿಭೂತಿ ಧರಿಸಿ, ಚೀಲದಲ್ಲಿ ಕುಳಿತು, ಅದೇ ವ್ಯಾನಿನಲ್ಲಿ ಯಾತ್ರೆಗೆ ಹೊರಟಿತ್ತು. (ನಮ್ಮ ಆಫೀಸಿನಲ್ಲೂ ಇಂಥ ಇಬ್ಬರಿದ್ದಾರೆ. ಹೆಸರು ಬೇಡ.)

ಗುಡೂರು ದಾಟಿದ ಮೇಲೆ ಸದ್ದು ಜೋರಾಯಿತು. ಯಾರದು ಅಳೂದು ಎಂದು ಅತ್ತಿ ಹಿಂದಿನಿಂದ ಕೇಳಿದರು. ನೀರಿನ ಬಿಸಿ ತೋರಿಸುವ ಮುಳ್ಳು ಮೇಲಕ್ಕೆ ಹೋಗುತ್ತಿತ್ತು. ಮಾವ ಬೇವಿನ ಗಿಡವೊಂದರ ನೆರಳಿನಲ್ಲಿ ಗಾಡಿ ನಿಲ್ಲಿಸಿದರು. ಇಂಜಿನ್ನು ಬಂದ್ ಮಾಡಲಿಲ್ಲ.

ಹೊಸದು ಚೀಲದಲ್ಲೇ ಇದೆಯಲ್ಲ, ಈಗಲೇ ಹಾಕಿಬಿಡಬಾರದೇ ಎಂದೆ ನಾನು. ಅತ್ತಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ, ಕನಿಕರದಿಂದ.

"ದೇವ್ರಿಗಿ ಎಡಿ ಹಿಡಿಯೂಕಿಂತ ಮೊದ್ಲ ಉಂಡಂಗ ಆಗತೈತಲ್ಲೋ ತಮ್ಮಾ."

ಮಾವ ನಕ್ಕರು. ಬರೆಯುವವನೆಂದು ಅವರು ನನ್ನನ್ನು ಪೇಪರ್ ಎಂದೇ ಕರೆಯುವುದು. "ನೀ ಸುಮ್ನ ಕುಂಡರ್ಲೇ ಪೇಪರ. ಇನ್ನೇನ ಬಾದಾಮಿ ಗುಡ್ಡ ಕಾಣಾಕತ್ತೇತಿ. ಅಲ್ಲಿಮಟ ನಾ ಇದಕ್ಕ ರಾಳಾ ಹಚ್ಚಿ ಒಯ್ತೇನಿ."

ರಾಳ ಎಂದರೆ ಮರದ ಅಂಟಿನ ಗಟ್ಟಿ. ಗಿರಣಿಯ ಬೆಲ್ಟು ಜಾರತೊಡಗಿದರೆ ಓಡುತ್ತಿರುವಾಗಲೇ ಅದಕ್ಕೆ ಒತ್ತಿ ಹಿಡಿಯುತ್ತಾರೆ. ಅಂಟು ಸವರಿ ಬೆಲ್ಟು ಮತ್ತೆ ಗಾಲಿಯನ್ನು ಹಿಡಿಯುತ್ತದೆ. ನಿಂತ ಬೆಲ್ಟಿಗೆ ಹಚ್ಚಿದರೆ ಒಂದೇ ಕಡೆ ಮೆತ್ತಿಕೊಳ್ಳುತ್ತದೆ. ಗಿರಣಿಯಲ್ಲಿ ಇದು ಸರಿಯಾದ ಕೆಲಸವೇ. ಅಲ್ಲಿ ಮಾವ ಇದನ್ನು ಮಾಡುವಾಗ ಬಾಗಿಲು ಹಾಕುತ್ತಾರೆ. ಹೆಣ್ಣುಮಕ್ಕಳನ್ನೆಲ್ಲ ಕಟ್ಟೆಯ ಮೇಲೆ ಕೂಡಿಸುತ್ತಾರೆ. ಹತ್ತಿರ ಒಂದು ಬೆಕ್ಕನ್ನೂ ಬಿಡುವುದಿಲ್ಲ.

ಇಲ್ಲಿ ಅವರು ಕೌದಿಯನ್ನು ಮಡಚಿಟ್ಟರು. ಮುಚ್ಚಳದ ಕೊಂಡಿ ಬಿಡಿಸಿ ಎತ್ತಿದರು. ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಸದ್ದು ಒಮ್ಮೆಲೇ ದೊಡ್ಡದಾಯಿತು. ಮಾವ ಸೀಟಿನ ಮೇಲೆ ಮೊಣಕಾಲೂರಿ, ಒಳಗೆ ಬಗ್ಗಿ ನೋಡುತ್ತ, ಹಿಂದೆ ಕೈ ಚಾಚಿದರು. ರಾಳದ ಗಂಟು ಅಕ್ಕನ ಕಾಲ ಬಳಿ ಇತ್ತು.

"ರಾಳಾ ಕೊಡ."

ಅಕ್ಕ ಗಂಟು ಬಿಚ್ಚಿದಳು. ರಾಳದ ಗಟ್ಟಿಯನ್ನು ಹಿಡಿದು, ನಮ್ಮಿಬ್ಬರ ಸೀಟುಗಳ ನಡುವೆ ಮುಂದಕ್ಕೆ ಬಾಗಿದಳು.

ಭುಜದ ಮೇಲಿದ್ದ ಸೆರಗಿನ ಕೊನೆ ಜಾರಿತು. ಜಾರಿದ್ದನ್ನು ನಾನು ನೋಡಿದೆ. ಕೆಂಪು ಬಣ್ಣ ಡಬ್ಬಿಯ ಅಂಚಿನ ಮೇಲಿಂದ ಒಳಗೆ ಇಳಿಯಿತು. ಫ್ಯಾನಿನ ಗಾಳಿಗೆ ಒಮ್ಮೆ ಹಾರಿತು. ಆಮೇಲೆ ಇರಲಿಲ್ಲ.

ಅಕ್ಕ ಕೂಗಲಿಲ್ಲ. ಕೂಗಲು ಕೊರಳಿನಲ್ಲಿ ಜಾಗ ಇರಲಿಲ್ಲ. ಅವಳ ತಲೆ ಡಬ್ಬಿಯ ಕಡೆಗೆ ಬಗ್ಗಿತು. ತಾನಾಗಿ ಬಗ್ಗಿದ್ದಲ್ಲ, ಎಳೆದ ಹಾಗೆ. ಒಂದು ಕೈ ನನ್ನ ಸೀಟಿನ ಬೆನ್ನನ್ನು ಹಿಡಿದಿತ್ತು. ಅದರ ಗೆಣ್ಣುಗಳು ಬೆಳ್ಳಗಾಗಿದ್ದವು. ನಾನು ಅವಳ ಹೆಗಲು ಹಿಡಿದು ಹಿಂದಕ್ಕೆ ಜಗ್ಗಿದೆ. ಅತ್ತಿ ಹಿಂದಿನಿಂದ ಸೊಂಟ ಹಿಡಿದರು. ನಾವಿಬ್ಬರೂ ಒಂದು ಕಡೆ, ಇಂಜಿನ್ನು ಒಂದು ಕಡೆ. ಇಂಜಿನ್ನಿಗೆ ದಣಿವಾಗುವುದಿಲ್ಲ.

ಆಗ ಮಾವ ಏನು ಮಾಡಿದರು? ಇದನ್ನು ಹೇಳುವುದಕ್ಕೇ ನಾನು ಇಷ್ಟೆಲ್ಲ ಬರೆದದ್ದು.

ಅವರ ಬಲಗೈ ಮೇಲಕ್ಕೆ ಹೋಯಿತು. ವ್ಯಾನಿನ ಛತ್ತಿನ ಕಡೆಗೆ. ಬೆರಳು ಬಿಚ್ಚಿ, ಏನನ್ನೋ ಹಿಡಿದು ಎಳೆಯುವ ಹಾಗೆ. ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ಕೈ ತಗಡಿಗೆ ಬಡಿಯಿತು. ಮತ್ತೊಮ್ಮೆ ಹೋಯಿತು. ಮತ್ತೆ ಬಡಿಯಿತು.

ಅವರು ಗಿರಣಿಯ ಹಿಡಿಕೆಯನ್ನು ಹುಡುಕುತ್ತಿದ್ದರು.

ಇಂಥ ಹಳೆಯ ಡೀಸೆಲ್ ಇಂಜಿನ್ನು ಚಾವಿ ತಿರುಗಿಸಿದರೆ ನಿಲ್ಲುವುದಿಲ್ಲ. ಸ್ಟಿಯರಿಂಗಿನ ಕೆಳಗೆ ಒಂದು ಗುಂಡಿ ಇದೆ, ಅದನ್ನು ಎಳೆಯಬೇಕು. ಅದು ಮಾವನಿಗೆ ಗೊತ್ತು, ದಿನಾ ಎಳೆಯುತ್ತಾರೆ. ಆದರೆ ಆ ಗಳಿಗೆಯಲ್ಲಿ ಅವರು ವ್ಯಾನಿನಲ್ಲಿ ಇರಲಿಲ್ಲ.

ಟಪ್ ಎಂದಿತು.

ನಾನು, ಅಕ್ಕ, ಅತ್ತಿ ಮೂವರೂ ಹಿಂದಕ್ಕೆ ಬಿದ್ದೆವು. ಪೂಜೆಯ ಚೀಲ ಬಿದ್ದು ಕಾಯಿ ಉರುಳಿತು. ಕುಂಯ್ ಸದ್ದು ನಿಂತಿತ್ತು. ಇಂಜಿನ್ನು ಇನ್ನೂ ಓಡುತ್ತಿತ್ತು. ಆದರೆ ಫ್ಯಾನು ತಿರುಗುತ್ತಿರಲಿಲ್ಲ. ಬೆಲ್ಟು ಹರಿದಿತ್ತು. ಆಗ ಮಾವನ ಕೈ ಕೆಳಗಿಳಿದು, ಗುಂಡಿಯನ್ನು ಹುಡುಕಿ ಎಳೆಯಿತು. ಎಲ್ಲ ಸ್ತಬ್ಧವಾಯಿತು. ಬೇವಿನ ಗಿಡದಲ್ಲಿ ಹಕ್ಕಿಗಳು ಕೂಗುತ್ತಿದ್ದವು. ಅವು ಮೊದಲಿನಿಂದಲೂ ಕೂಗುತ್ತಿದ್ದಿರಬೇಕು.

ಅಕ್ಕ ಕೆಮ್ಮಿದಳು. ಕೊರಳ ಎಡಗಡೆ ಒಂದು ಕೆಂಪು ಗೆರೆ ಎದ್ದಿತ್ತು. ಅತ್ತಿ ತಂಬಿಗೆಯ ನೀರು ಕುಡಿಸಿದರು. ಕುಡಿದು, ಉಸಿರು ತಿರುಗಿದ ಮೇಲೆ, ಅಕ್ಕ ತನ್ನ ಸೆರಗನ್ನು ನಿಧಾನವಾಗಿ ಡಬ್ಬಿಯಿಂದ ಎಳೆದುಕೊಂಡು ನೋಡಿದಳು. ಮಸಿ, ಎಣ್ಣೆ, ಅಲ್ಲಲ್ಲಿ ಚಿಂದಿ. ಇಳಕಲ್ ಸೀರೆಯ ಒಡಲನ್ನೂ ಸೆರಗನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಸಿಕ್ಕಿಸಿ ಕೂಡಿಸಿರುತ್ತಾರೆ. ಅವಳು ಆ ಕೂಡಿನ ಮೇಲೆ ಬೆರಳಾಡಿಸಿದಳು.

"ನೋಡವ್ವಾ, ಬೆಲ್ಟು ಹರೀತು, ಕೂಡು ಹರೀಲಿಲ್ಲ. ಇಳಕಲ್ ಸೀರಿ ಅಂದ್ರ ಹಂಗ."

ಅತ್ತಿ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ನನಗೆ ಅದರ ಅರ್ಥ ಹೊಳೆಯಿತು. ಸೀರೆ ಗಟ್ಟಿಯಿತ್ತು. ಕೊರಳು ನಡುವೆ ಇತ್ತು. ಬೆಲ್ಟೂ ಗಟ್ಟಿಯಿದ್ದಿದ್ದರೆ? ಚೀಲದಲ್ಲಿದ್ದ ಆ ಹೊಸ ಬೆಲ್ಟು ಇಂಜಿನ್ನಿನಲ್ಲಿ ಇದ್ದಿದ್ದರೆ?

ಮಾವನಿಗೆ ಇದು ನನಗಿಂತ ಮೊದಲೇ ಹೊಳೆದಿತ್ತು ಎಂದು ಕಾಣುತ್ತದೆ. ಅವರು ಇಳಿದು ಹೋಗಿ ಗಿಡದ ಬೊಡ್ಡೆಗೆ ಮುಖ ಮಾಡಿ ಕುಳಿತಿದ್ದರು. ಬಲಗೈ ಬೆರಳಿನ ಗೆಣ್ಣು ತಗಡಿಗೆ ಬಡಿದು ಸುಲಿದಿತ್ತು. ಅದನ್ನು ಎಡಗೈಯಲ್ಲಿ ಮುಚ್ಚಿ ಹಿಡಿದಿದ್ದರು.

ಕೊನೆಗೆ ಅತ್ತಿಯೇ ಕೆಳಗಿಳಿದರು. ಚೀಲದಿಂದ ಹೊಸ ಬೆಲ್ಟು ತೆಗೆದು ಮಗನ ಮುಂದೆ ಹಿಡಿದರು.

"ತಗೋ, ಹಾಕು."

"ದೇವ್ರಿಗಿ ತೋರಿಸಿಲ್ಲಲ್ಲಬೇ."

"ದೇವ್ರು ಈಗ ಬಂದು ನೋಡಿ ಹೋದ್ನಲ್ಲೋ, ಮತ್ತೇನ ತೋರಿಸೂದೈತಿ?"

ಇಂಜಿನ್ನು ಆರುವ ತನಕ ಕಾದೆವು. ಆಮೇಲೆ ಮಾವ ಕೆಲಸಕ್ಕೆ ಇಳಿದರು. ನಾನು ಪಾನಾ ಕೊಡುವವನಾದೆ. ಮೊದಲು ಗಾಲಿಗಳ ಸಂದಿಯಿಂದ ಕೆಂಪು ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಕಿತ್ತರು. ಒಂದೂ ಉಳಿಯಬಾರದೆಂಬ ಹಾಗೆ. ಎಲ್ಲವನ್ನೂ ಅಂಗೈಯಲ್ಲಿ ಕೂಡಿಸಿ ಜೇಬಿಗೆ ಹಾಕಿಕೊಂಡರು. ಆಮೇಲೆ ಡೈನಮೋದ ಬೋಲ್ಟು ಸಡಿಲಿಸಿ ಅದನ್ನು ಒಳಕ್ಕೆ ದೂಡಿದರು. ಹೊಸ ಬೆಲ್ಟನ್ನು ಫ್ಯಾನಿನ ರೆಕ್ಕೆಗಳ ಮೇಲಿಂದ ದಾಟಿಸಿ ಮೂರೂ ಗಾಲಿಗಳ ತೋಡಿನಲ್ಲಿ ಕೂಡಿಸಿದರು. ಡೈನಮೋವನ್ನು ಹೊರಕ್ಕೆ ಮೀಟಿ ಹಿಡಿದು ಬೋಲ್ಟು ಬಿಗಿದರು. ವಿಭೂತಿ ಅವರ ಕೈಗೆಲ್ಲ ಹತ್ತಿತು.

ಬಿಗಿದ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಬೋಲ್ಟು ತುಸು ಬಿಚ್ಚಿದರು. ಮತ್ತೆ ಒತ್ತಿದರು. ಅರ್ಧ ಇಂಚು. ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ, ನನಗೇನೋ ಗೊತ್ತಿದ್ದವನ ಹಾಗೆ.

ಮುಚ್ಚಳ ಹಾಕಿ, ಕೊಂಡಿ ಸಿಗಿಸಿ, ಎರಡು ಸಲ ಎಳೆದು ನೋಡಿ, ಆಮೇಲೆ ಇಂಜಿನ್ನು ಚಾಲೂ ಮಾಡಿದರು. ಅಕ್ಕನನ್ನು ಎಲ್ಲಕ್ಕಿಂತ ಹಿಂದಿನ ಸೀಟಿನಲ್ಲಿ ಕೂಡಿಸಿದರು. ಬಾದಾಮಿ ಬರುವವರೆಗೆ ಕನ್ನಡಿಯಲ್ಲಿ ಮತ್ತೆ ಮತ್ತೆ ಹಿಂದೆ ನೋಡುತ್ತಿದ್ದರು. ರಸ್ತೆ ನೋಡಿ ಓಡಿಸಿರಿ ಎಂದು ನಾನು ಹೇಳಬೇಕಾಯಿತು.

ಮಹಾಕೂಟದಲ್ಲಿ ಅತ್ತಿ ಹರಿದ ಬೆಲ್ಟನ್ನು ಹೊಂಡದ ನೀರಿನಲ್ಲಿ ತೊಳೆದರು. ವಿಭೂತಿ ಹಚ್ಚಿದರು. ಕಾಯಿಯ ಪಕ್ಕದಲ್ಲಿಟ್ಟು ಪೂಜಾರಿಯ ಮುಂದೆ ಸರಿಸಿದರು. ಪೂಜಾರಿ ಹಲವು ಬಗೆಯ ಸಾಮಾನು ಕಂಡವರು. ಆದರೂ ಕೇಳಿದರು: ಹೊಸ ಸಾಮಾನಿಗೆ ಪೂಜೆ ಮಾಡುತ್ತಾರೆ, ಇದು ಹರಿದದ್ದಲ್ಲವೇ?

"ಹೊಸಾದು ಇನ್ನೂ ಏನ ಮಾಡೇತ್ರಿ?" ಎಂದರು ಅತ್ತಿ.

ಪೂಜಾರಿ ಮಂಗಳಾರತಿ ಎತ್ತಿದರು.

ಊರಿಗೆ ಬಂದ ಮೇಲೆ ಶುರುವಾಯಿತು ನೋಡಿ, ಉಳಿಸಿದವರು ಯಾರು ಎಂಬ ಪಂಚಾಯ್ತಿ. ತಾವು ಹೊಸದನ್ನು ಹಾಕಲು ಬಿಟ್ಟಿದ್ದರೆ ಏನಾಗುತ್ತಿತ್ತು ಎನ್ನುತ್ತಾರೆ ಅತ್ತಿ. ಆ ಬೆಲ್ಟು ಹರಿಯುತ್ತದೆ ಎಂದು ಮೊದಲು ಹೇಳಿದವನು ತಾನೇ ಎನ್ನುತ್ತಾನೆ ರಾಜೇಸಾಬ. ಅಕ್ಕನ ಆಯುಷ್ಯ ಗಟ್ಟಿ ಎನ್ನುತ್ತದೆ ಓಣಿ. ಎಲ್ಲರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ನಾನು ತೀರ್ಪು ಕೊಡುವುದಿಲ್ಲ. (ಓದುಗರೇ, ಇದರಿಂದ ಹಳೆಯ ಬೆಲ್ಟೇ ಒಳ್ಳೆಯದು ಎಂದು ತಿಳಿಯಬೇಡಿ. ನಿಮ್ಮ ಗಾಡಿಯ ಬೆಲ್ಟು ಸೀಳಿದ್ದರೆ ಇವತ್ತೇ ಬದಲಾಯಿಸಿ. ಇಂಜಿನ್ನು ನಿಲ್ಲಿಸಿ, ಮನೆಯವರನ್ನು ಕೆಳಗಿಳಿಸಿ, ಆಮೇಲೆ ಮುಚ್ಚಳ ಎತ್ತಿ.)

ನನಗೆ ಕಾಡುವುದು ಬೇರೆಯೇ. ದಿನಕ್ಕೆ ನೂರು ಸಲ 'ಸೆರಗು, ಅವ್ವಾ' ಎನ್ನುವ ಆ ಮನುಷ್ಯ ಅವತ್ತು ಒಂದು ಸಲ ಯಾಕೆ ಅನ್ನಲಿಲ್ಲ?

ಮರೆತರೇ? ಅಲ್ಲ. ಅಲ್ಲಿ ಕೂತವಳು ಗಿರಾಕಿ ಅಲ್ಲ, ಮನೆಯವಳು. ನಮ್ಮ ಜಾಗರೂಕತೆಯೆಲ್ಲ ಹೊರಗಿನವರಿಗೆ. ಮನೆಯೊಳಗೆ ಬಂದ ಕೂಡಲೇ ಅದನ್ನು ಚಪ್ಪಲಿಯ ಜೊತೆ ಹೊಸ್ತಿಲ ಆಚೆ ಬಿಡುತ್ತೇವೆ. ನಮ್ಮ ಓಣಿಯಲ್ಲಿ ಊರಿಗೆಲ್ಲ ಕರೆಂಟು ಕೂಡಿಸುವವನ ಮನೆಯಲ್ಲಿ ಸ್ವಿಚ್ಚಿಗೆ ಮುಚ್ಚಳವಿಲ್ಲ. ಅವನ ಹೆಂಡತಿ ಕಟ್ಟಿಗೆಯ ಸೌಟಿನಿಂದ ಲೈಟು ಹಾಕುತ್ತಾಳೆ. ದವಾಖಾನೆಯ ಕಂಪೌಂಡರು ಎಲ್ಲರ ಜ್ವರ ನೋಡುತ್ತಾನೆ, ಅವನ ತಾಯಿಯ ಕೆಮ್ಮಿಗೆ ವರ್ಷವಾಯಿತು. ಮನೆಯವರಿಗೆ ಏನೂ ಆಗುವುದಿಲ್ಲ ಎಂದು ನಮಗೆ ಯಾರು ಬರೆದುಕೊಟ್ಟಿದ್ದಾರೆ?

ಇನ್ನೂ ಒಂದು ಮಾತು. ಅಕ್ಕ ಇಷ್ಟು ವರ್ಷ ಅದೇ ಗಿರಣಿಗೆ ದಿನಾ ಬುತ್ತಿ ಒಯ್ಯುತ್ತಾಳೆ. ಅವಳಿಗೆ ಮಾತ್ರ ಮಾವ ಆ ಮಾತನ್ನು ಒಮ್ಮೆಯೂ ಹೇಳಿರಲಿಲ್ಲವಂತೆ. ಮಾಲಕರ ಹೆಂಡತಿಗೆ ಯಾರು ಹೇಳುತ್ತಾರೆ?

ನಿನ್ನೆ ಹುನಗುಂದಕ್ಕೆ ಹೋಗಿದ್ದೆ. ಅಕ್ಕನ ಕೊರಳಿನ ಗೆರೆ ಮಾಸಿದೆಯೋ ನೋಡೋಣವೆಂದು. ಅವಳು ಗಿರಣಿಗೆ ಬುತ್ತಿ ಕಟ್ಟುತ್ತಿದ್ದಳು. ನೀ ಮುಂದೆ ನಡಿ, ಪಲ್ಯ ಆದ ಕೂಡಲೇ ಬರುತ್ತೇನೆ ಎಂದಳು. ಹೋದೆ. ಗಿರಣಿ ಭರ್ತಿ ನಡೆದಿತ್ತು. ಕಲ್ಲು ಗರಗರ, ಗಾಳಿಯೆಲ್ಲ ಹಿಟ್ಟು, ಜೋಳದ ಪುಟ್ಟಿ ಹಿಡಿದ ಹೆಣ್ಣುಮಕ್ಕಳ ಸಾಲು. ಮಾವ ಎಂದಿನ ಜಾಗದಲ್ಲಿ ನಿಂತಿದ್ದರು. ಬೆರಳಿಗೆ ಪಟ್ಟಿ. ಒಬ್ಬೊಬ್ಬರೂ ಹೊಸ್ತಿಲು ದಾಟಿದಂತೆ "ಸೆರಗು, ಅವ್ವಾ."

ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ ಬಂದು ನಿಂತಳು. ಒಂದು ಕೈಯಲ್ಲಿ ಬುತ್ತಿ, ಒಂದು ಕೈಯಲ್ಲಿ ನೀರಿನ ತಂಬಿಗೆ. ತಲೆಯ ಮೇಲೆ ಸೆರಗು, ಕೊನೆ ಸಡಿಲು.

ಮಾವ ಬಾಯಿ ತೆರೆದರು. ಮಾತಿಗಿಂತ ಮೊದಲು ಬಲಗೈ ತಾನಾಗಿ ಮೇಲಕ್ಕೆ ಹೋಯಿತು.

ಈ ಸಲ ಅಲ್ಲಿ ಹಿಡಿಕೆ ಇತ್ತು. ಎಳೆದರು.

ಕಲ್ಲು ನಿಂತಿತು. ಯಾರದೋ ಜೋಳ ಅರ್ಧಕ್ಕೆ ಉಳಿಯಿತು. ಹಿಟ್ಟು ಗಾಳಿಯಲ್ಲಿ ತೇಲಿ ಮೆಲ್ಲಗೆ ಕೆಳಗೆ ಇಳಿಯತೊಡಗಿತು. ಸಾಲಿನಲ್ಲಿದ್ದ ಮುದುಕಿಯೊಬ್ಬಳು ಕೇಳಿದಳು: "ಯಾಕೋ ಸಂಗಪ್ಪಾ, ಕರೆಂಟ್ ಹೋತೇನು?"

"ಇಲ್ಲಬೇ," ಎಂದರು ಮಾವ. "ನಮ್ಮಾಕಿ ಬಂದಾಳ."

ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ಗೊಳ್ಳೆಂದು ನಕ್ಕರು. ಅಕ್ಕ ಬುತ್ತಿಯನ್ನೂ ತಂಬಿಗೆಯನ್ನೂ ಕೆಳಗಿಟ್ಟಳು. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಗಿಸಿಕೊಂಡಳು. "ಸಿಗಿಸೇನಿ, ಚಾಲೂ ಮಾಡ್ರಿ," ಎಂದಳು, ಯಾರನ್ನೂ ನೋಡದೆ.

ನಿಮ್ಮ ಮನೆಯಲ್ಲಿ ಯಾರು ಬಂದರೆ ಗಿರಣಿ ನಿಲ್ಲುತ್ತದೆ?